ಬಿಕಾಂ ಆದ್ಮೇಲೆ ಏನು? ಭಾಗ 6: ಫೈನಾನ್ಶಿಯಲ್ ಮ್ಯಾಥಮ್ಯಾಟಿಕ್ಸ್

ಡಿಎಂನಲ್ಲಿ ಜಾಸ್ತಿ ಬಂದ ಪ್ರಶ್ನೆ: "ಎಂಎಸ್ಸಿ ಫೈನಾನ್ಶಿಯಲ್ ಮ್ಯಾಥಮ್ಯಾಟಿಕ್ಸ್ ಮಾಡಿದ್ರೆ ಪ್ಯಾಕೇಜ್ ಎಷ್ಟು?" ಅದಕ್ಕಿಂತ ಮುಂಚೆ ಕೇಳ್ಕೋಬೇಕಾದ್ದು ಒಂದಿದೆ. ದಿನಾ ಲೆಕ್ಕದ ಜೊತೆ ಕೂರೋಕೆ ನಿಮಗೆ ಇಷ್ಟಾನಾ?

ಯಾಕಂದ್ರೆ ಇದು ಮ್ಯಾತ್ಸ್ ಡಿಗ್ರಿ. ಫೈನಾನ್ಸ್ ಅದರ ಉದಾಹರಣೆ ಅಷ್ಟೇ. ಸಿಲಬಸ್ ತೆಗೆದು ನೋಡಿ: ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ, ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್, ಜೊತೆಗೆ ಪೈಥಾನ್ ಕೋಡಿಂಗ್. ನಾವು ಮೂರು ವರ್ಷ ಓದಿದ ಜರ್ನಲ್ ಎಂಟ್ರಿ, ಜಿಎಸ್‌ಟಿ ಅಲ್ಲಿ ಕೆಲಸಕ್ಕೆ ಬರೋದು ಕಮ್ಮಿ.

ರುಚಿ ನೋಡೋಕೆ ಒಂದು ಲೆಕ್ಕ 👇

ಇವತ್ತು ಶೇರ್ ಬೆಲೆ ₹100. ನಾಳೆ ₹120 ಆಗುತ್ತೆ, ಇಲ್ಲಾ ₹90 ಆಗುತ್ತೆ ಅನ್ಕೊಳ್ಳಿ. ನಾಳೆ ಅದನ್ನ ₹100ಕ್ಕೇ ಕೊಳ್ಳೋ ಹಕ್ಕಿಗೆ ಕಾಲ್ ಆಪ್ಷನ್ ಅಂತಾರೆ. ಅದರ ಬೆಲೆ ಇವತ್ತು ಎಷ್ಟು?

ಅಂಥ 3 ಆಪ್ಷನ್ ಮಾರಿ. ಬಡ್ಡಿ ಇಲ್ಲದ ₹180 ಸಾಲ ತಗೊಂಡು 2 ಶೇರ್ ಕೊಳ್ಳಿ.

📈 ₹120 ಆದ್ರೆ: ಶೇರ್‌ನಿಂದ ₹240, ಸಾಲ ತೀರಿಸಿದ್ಮೇಲೆ ₹60. ಆಪ್ಷನ್ ಕೊಂಡವರಿಗೆ ಕೊಡಬೇಕಾದ್ದೂ ಸರಿಯಾಗಿ ₹60.
📉 ₹90 ಆದ್ರೆ: ಶೇರ್‌ನಿಂದ ₹180, ಸಾಲಕ್ಕೆ ಸರಿಹೋಯ್ತು. ಆಪ್ಷನ್‌ಗೆ ಕೊಡಬೇಕಾದ್ದು ಸೊನ್ನೆ.

ಶೇರ್‌ಗೆ ₹200 ಬೇಕು, ಸಾಲ ಸಿಕ್ಕಿದ್ದು ₹180. ಉಳಿದ ₹20 ಆಪ್ಷನ್ ಮಾರಿದ ದುಡ್ಡಿಂದ ಬರಬೇಕು. ಅಂದ್ರೆ ಒಂದಕ್ಕೆ ಸುಮಾರು ₹6.67.

ಗಮನಿಸಿದ್ರಾ? ಶೇರ್ ಏರೋ ಚಾನ್ಸ್ ಎಷ್ಟು ಅಂತ ನಾವು ಎಲ್ಲೂ ಕೇಳಲೇ ಇಲ್ಲ! 1973ರಲ್ಲಿ ಬಂದ ಬ್ಲ್ಯಾಕ್–ಶೋಲ್ಸ್ ಫಾರ್ಮುಲಾದ ಹಿಂದಿರೋದೂ ಇದೇ ಯೋಚನೆ, ಆದ್ರೆ ಅಲ್ಲಿ ಬೆಲೆ ಕ್ಷಣಕ್ಷಣಕ್ಕೂ ಬದಲಾಗ್ತಿರುತ್ತೆ. "ಅರೆ, ಯಾಕೆ ಹೀಗೆ?" ಅಂತ ತಲೆ ಕೊರೀತಿದ್ರೆ ಈ ಡಿಗ್ರಿ ನಿಮಗೆ ಹೇಳಿ ಮಾಡಿಸಿದ್ದು. ಸ್ಕ್ರಾಲ್ ಮಾಡಿ ಮುಂದೆ ಹೋಗ್ಬೇಕು ಅನ್ನಿಸಿದ್ರೆ ಅದೂ ಒಂದು ಉತ್ತರಾನೇ.

ಕೆಲಸ? ಬ್ಯಾಂಕ್‌ಗಳಲ್ಲಿ ಕ್ವಾಂಟ್, ರಿಸ್ಕ್ ಅನಾಲಿಸ್ಟ್, ಬೇರೆಯವರು ಮಾಡಿದ ಮಾಡೆಲ್ ಸರಿ ಇದ್ಯಾ ಅಂತ ಪರೀಕ್ಷಿಸೋ ಮಾಡೆಲ್ ವ್ಯಾಲಿಡೇಷನ್. ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮಾರ್ಗನ್ ಥರದವರ ದೊಡ್ಡ ಆಫೀಸ್‌ಗಳು ಬೆಂಗಳೂರಲ್ಲೇ ಇವೆ. ಆದ್ರೆ ಅಲ್ಲಿ ನಮ್ಮ ಪಕ್ಕ ಸಾಲಲ್ಲಿ ನಿಲ್ಲೋರು ಎಂಜಿನಿಯರಿಂಗ್, ಮ್ಯಾತ್ಸ್, ಸ್ಟ್ಯಾಟಿಸ್ಟಿಕ್ಸ್ ಓದಿದವರು. ಎಷ್ಟೋ ಕಡೆ ಅಡ್ಮಿಷನ್‌ಗೇ ಡಿಗ್ರಿಯಲ್ಲಿ ಮ್ಯಾತ್ಸ್ ಓದಿರಬೇಕು ಅಂತಾರೆ. ಫೀಸ್ ನೋಡೋ ಮುಂಚೆ ಅರ್ಹತೆಯ ಸಾಲು ಓದಿ.

ಇನ್ನೊಂದು ದಾರಿ ಆಕ್ಚುವರಿ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ ನಡೆಸೋ ಎಸಿಇಟಿ ಪಾಸಾದ್ರೆ ಸ್ಟೂಡೆಂಟ್ ಮೆಂಬರ್ ಆಗ್ಬಹುದು. ಪೇಪರ್‌ಗಳು ಕಷ್ಟಾನೇ, ಆದ್ರೆ ಕೆಲಸ ಮಾಡ್ತಾ ಒಂದೊಂದಾಗಿ ಬರೀಬಹುದು.

ನನ್ನ ವಿಷಯ ಹೇಳ್ತೀನಿ. ಅಪ್ಪಂದು ಕಿರಾಣಿ ಅಂಗಡಿ, ತಂಗಿ ಪಿಯುಸಿ. ನಾನು ಓದ್ಬೇಕು ಅಂದ್ರೆ ಎಜುಕೇಷನ್ ಲೋನ್ ಆಗ್ಬೇಕು. "ನಿಂಗೆ ಖಚಿತ ಇದ್ರೆ ಸೈನ್ ಹಾಕ್ತೀನಿ ಕಣಮ್ಮ" ಅಂದ್ರು ಅಪ್ಪ. ಆ ಖಚಿತ ಅನ್ನೋ ಪದ ನನ್ನ ನಿದ್ದೆ ಕೆಡಿಸಿದೆ. ಅದಕ್ಕೇ ಎನ್‌ಪಿಟಿಇಎಲ್‌ನಲ್ಲಿ ಫ್ರೀ ಇರೋ ಪ್ರಾಬಬಿಲಿಟಿ ಕ್ಲಾಸ್ ಶುರು ಮಾಡಿದ್ದೀನಿ, ದಿನಾ ಬೆಳಗ್ಗೆ ಒಂದು ಗಂಟೆ. ಆರು ತಿಂಗಳಾದ್ಮೇಲೂ ಪುಸ್ತಕ ತೆಗೆಯೋಕೆ ಮನಸ್ಸು ಬಂದ್ರೆ ಅಪ್ಲೈ ಮಾಡ್ತೀನಿ. ಬರಲಿಲ್ಲ ಅಂದ್ರೆ ಅಪ್ಪನ ಸೈನ್ ಕೇಳಲ್ಲ. ಎರಡು ತಿಂಗಳಾಯ್ತು, ಇನ್ನೂ ತೆಗೀತಿದ್ದೀನಿ 🙂

ನೀವೂ ಲೋನ್‌ಗೆ ಮುಂಚೆ ಲೆಕ್ಕ ಮಾಡಿ ನೋಡಿ. ಶುರು ಇಲ್ಲಿಂದ: ನಾಳೆ ಬೆಲೆ ₹130 ಇಲ್ಲಾ ₹80 ಆಗೋದಾದ್ರೆ ಅದೇ ಆಪ್ಷನ್ ಬೆಲೆ ಎಷ್ಟು? ಉತ್ತರ ಕಾಮೆಂಟ್‌ನಲ್ಲಿ ಹಾಕಿ 👇

#ಬಿಕಾಂಆದ್ಮೇಲೆಏನು #ಬಿಕಾಂ #ಕನ್ನಡ