ಮೂವತ್ತು ಸೆಕೆಂಡಿನ ಆಟ

ಕಾರ್ಕಳದಿಂದ ಪಡುಬಿದ್ರಿಗೆ ಹೊರಟ ಬಸ್ಸು ನಿಮ್ಮನ್ನು ನಿಟ್ಟೆ ಕಾಲೇಜಿನ ಹತ್ತಿರ ಇಳಿಸುವಾಗ ಸಂಜೆ ಏಳಾಗಿದೆ. ಆಟಿ ತಿಂಗಳ ಮಳೆ. ಕೊಡೆ ಬಿಡಿಸುವಷ್ಟರಲ್ಲಿ ಹೆಗಲು ಒದ್ದೆ. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು 1979ರಲ್ಲಿ ಕಟ್ಟಿದ ಟ್ರಸ್ಟು 1986ರಲ್ಲಿ ಇಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಅದಿಲ್ಲದಿದ್ದರೆ ಈ ಹೊತ್ತಿಗೆ ಈ ರಸ್ತೆಯಲ್ಲಿ ಕಪ್ಪೆ ಬಿಟ್ಟು ಬೇರೆ ಯಾರ ದನಿಯೂ ಕೇಳುತ್ತಿರಲಿಲ್ಲವೋ ಏನೋ. ಈಗ ಹಾಸ್ಟೆಲಿನ ದೀಪಗಳು, ಜೆರಾಕ್ಸ್ ಅಂಗಡಿ, ಮಳೆಗೆ ಅಂಗಡಿಯ ಮಾಡಿನಡಿ ನಿಂತು ಹಿಂದಿ, ಮಲಯಾಳ, ತುಳು ಮೂರನ್ನೂ ಬೆರೆಸಿ ಮಾತಾಡುತ್ತಿರುವ ಹುಡುಗರು.

ನೀವು ಹೋಗಬೇಕಾದ ಮನೆ ಒಳರಸ್ತೆಯಲ್ಲಿದೆ. ಅಂಗಳಕ್ಕೆ ತಗಡಿನ ಶೀಟು ಹೊದೆಸಿದ್ದಾರೆ, ಅದರ ಮೇಲೆ ಮಳೆ ಬಡಿಯುವ ಸದ್ದಿಗೆ ಬಾಗಿಲು ತಟ್ಟಿದ್ದು ಯಾರಿಗೂ ಕೇಳುವುದಿಲ್ಲ. ಚಪ್ಪಲಿ ಬಿಟ್ಟು ನೇರ ಚಾವಡಿಗೇ ಹೋಗಿ. ನಿವೃತ್ತ ಮಾಷ್ಟ್ರು ಕುರ್ಚಿಯಲ್ಲಿ, ಅಮ್ಮ ನೆಲದ ಮೇಲೆ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಾ, ಮಹಡಿಯ ಬಾಡಿಗೆ ಕೋಣೆಯ ದಾವಣಗೆರೆಯ ಹುಡುಗ ಟಿವಿಯ ಹಿಂದೆ ಬಗ್ಗಿ ವೈರು ಹುಡುಕುತ್ತಾ ಇದ್ದಾರೆ.

"ಬನ್ನಿ, ಬನ್ನಿ. ಕೂತ್ಕೊಳ್ಳಿ," ಎನ್ನುತ್ತಾರೆ ಮಾಷ್ಟ್ರು. "ಇವನಿಗೆ ಕ್ವಿಜ್ ಉಂಟಂತೆ. ಅದಕ್ಕೆ ಇವತ್ತು ನಮ್ಮ ಧಾರಾವಾಹಿಗೆ ರಜೆ."

ಅಮ್ಮ ಇದಕ್ಕೆ ಒಪ್ಪಿದ ಹಾಗೆ ಕಾಣುವುದಿಲ್ಲ. ನಿಮ್ಮ ಕೈಗೆ ಒಂದು ಲೋಟ ಕಣ್ಣ ಚಾ ಬರುತ್ತದೆ, ಪಕ್ಕದಲ್ಲಿ ಹಲಸಿನ ಹಪ್ಪಳ.

ಹುಡುಗನ ಫೋನಿನಿಂದ ಟಿವಿಗೆ ಚಿತ್ರ ಹಾರುತ್ತದೆ. ಕಪ್ಪು ಬಿಳುಪು. ಎರಡು ಸಾಲು ಹುಡುಗರು, ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಕೂತ ಹಾಗೆ, ಎರಡು ಮಾಳಿಗೆಯಲ್ಲಿ. 'ಯೂನಿವರ್ಸಿಟಿ ಚಾಲೆಂಜ್'. 1962ರ ಸೆಪ್ಟೆಂಬರಿನಲ್ಲಿ ಗ್ರನಾಡಾ ಟೆಲಿವಿಷನ್ ಶುರುಮಾಡಿದ್ದು. ಪ್ರಶ್ನೆ ಕೇಳುವವರು ಬ್ಯಾಂಬರ್ ಗ್ಯಾಸ್ಕೋಯ್ನ್, ನೀಟಾಗಿ ಬಾಚಿದ ಕೂದಲು, ತಪ್ಪು ಹೇಳಿದವನಿಗೂ ನೋವಾಗದ ಹಾಗೆ ನಗುವವರು.

"ಮೇಲೆ ಕೂತವರು ಹೇಗೆ ಹತ್ತುತ್ತಾರೆ? ಏಣಿಯಾ?" ಅಮ್ಮನ ಪ್ರಶ್ನೆ.

"ಇಲ್ಲ ಆಂಟಿ, ಅವ್ರು ಅಕ್ಕಪಕ್ಕದಾಗೇ ಕುಂತಿರ್ತಾರೆ. ಪರದೆ ಎರಡು ಪಾಲು ಮಾಡಿ ಒಂದರ ಮೇಲೊಂದು ಇಟ್ಟು ತೋರಿಸ್ತಾರ್ರಿ."

ಅಮ್ಮ ನಂಬುವುದಿಲ್ಲ. ಮೇಲಿನವನು ಬಝರ್ ಒತ್ತಿದಾಗ ಕೆಳಗಿನವನು ತಲೆ ಎತ್ತಿ ನೋಡುವುದೇ ಇಲ್ಲ ಎಂದು ಗಮನಿಸಿದ ಮೇಲೆ ಹೂಂಗುಟ್ಟುತ್ತಾರೆ. ನೀವೂ ಈಗ ಅದನ್ನೇ ನೋಡತೊಡಗಿದ್ದೀರಿ, ಪ್ರಶ್ನೆ ತಪ್ಪಿಹೋಯಿತು. ಹುಡುಗ ಮಾತ್ರ ಗ್ಯಾಸ್ಕೋಯ್ನ್ ವಾಕ್ಯ ಮುಗಿಸುವ ಮೊದಲೇ ಉತ್ತರ ಒದರುತ್ತಾನೆ. ಕಾಲೇಜಿನ ಕ್ವಿಜ್ಜುಗಳಲ್ಲಿ ಪೌನ್ಸ್ ಎಂದು ಒಂದು ಲೆಕ್ಕವಿದೆ. ತಿಳಿದಿದ್ದರೆ ಹಾರಿ ಬೀಳು, ತಪ್ಪಿದರೆ ಅಂಕ ಕಳೆದುಕೋ. ಈ ಇಂಗ್ಲಿಷ್ ಆಟವನ್ನು ಇಂಗ್ಲಿಷರು ಹುಟ್ಟಿಸಲಿಲ್ಲ ಎಂದೂ ಅವನೇ ಹೇಳುತ್ತಾನೆ. ಅಮೆರಿಕದ ರೇಡಿಯೋದಲ್ಲಿ ಅದಕ್ಕೂ ಮೊದಲೇ ಹುಟ್ಟಿದ್ದ 'ಕಾಲೇಜ್ ಬೌಲ್' ಇದರ ತಾಯಿಬೇರು.

ರೇಡಿಯೋ ಎಂದದ್ದೇ ಸಾಕು, ಮಾಷ್ಟ್ರು ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. "ನಮಗೆ ಬೋರ್ನ್‌ವಿಟಾ ಕ್ವಿಜ್ ಇತ್ತು ಮಾರಾಯ. 72ರಲ್ಲಿ ಶುರು. ಮೊದಲು ಹಮೀದ್ ಸಾಯಾನಿ, ಆಮೇಲೆ ತಮ್ಮ ಅಮೀನ್ ಸಾಯಾನಿ. ಬೋರ್ನ್‌ವಿಟಾ ಕುಡಿದದ್ದಿಲ್ಲ, ಪ್ರಶ್ನೆ ಮಾತ್ರ ಕೇಳಿದ್ದು." ಆಮೇಲೆ 1985ರಲ್ಲಿ ದೂರದರ್ಶನಕ್ಕೆ 'ಕ್ವಿಜ್ ಟೈಮ್' ಬಂತು, ಸಿದ್ಧಾರ್ಥ ಬಸು. ಕಾಲೇಜು ಹುಡುಗರು ಕೋಟು ಹಾಕಿ ಕೂತು ಲ್ಯಾಟಿನ್ ಹೆಸರುಗಳನ್ನು ಹೇಳುವುದನ್ನು ಊರಿಗೆ ಊರೇ ಟಿವಿ ಇದ್ದವರ ಮನೆಯ ಜಗಲಿಯಲ್ಲಿ ಕೂತು ನೋಡುತ್ತಿತ್ತು. ಅರ್ಥವಾದದ್ದು ಅಷ್ಟಕ್ಕಷ್ಟೆ, ಎದ್ದು ಹೋದವರು ಮಾತ್ರ ಯಾರೂ ಇಲ್ಲ. ಹುಡುಗ ತನಗೆ ಗೊತ್ತಿದ್ದನ್ನು ಸೇರಿಸುತ್ತಾನೆ: ನಮ್ಮ ದೇಶದಲ್ಲಿ ಎಲ್ಲರಿಗೂ ತೆರೆದ ಕ್ವಿಜ್ ಮೊದಲು ನಡೆಸಿದವರು ನೀಲ್ ಓಬ್ರಿಯನ್, 1967ರಲ್ಲಿ, ಕಲ್ಕತ್ತಾದ ಒಂದು ಚರ್ಚಿನ ಸಭಾಂಗಣದಲ್ಲಿ. ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದ್ದು 1983ರಲ್ಲಿ, ಅದನ್ನು ಕಟ್ಟಿದವರು ವಿಂಗ್ ಕಮಾಂಡರ್ ಜಿ.ಆರ್. ಮೂಲ್ಕಿ.

"ಮೂಲ್ಕಿ!" ಎನ್ನುತ್ತಾರೆ ಮಾಷ್ಟ್ರು. ಪಡುಬಿದ್ರಿ ದಾಟಿದರೆ ಸಿಗುವ ಊರು ಅದು. ಹೆಸರಿನ ಬಲದಿಂದಲೇ ಆ ಸಂಸ್ಥೆಯಲ್ಲಿ ನಮಗೂ ಒಂದು ಪಾಲಿದೆ ಎಂದು ಅವರ ಮುಖ ಹೇಳುತ್ತಿದೆ.

ಮಳೆ ಜೋರಾಗುತ್ತದೆ. ಹುಡುಗ ಶಬ್ದ ಏರಿಸುತ್ತಾನೆ. ಈಗ ಪರದೆ ಪೂರ್ತಿ ಕತ್ತಲೆ, ನಡುವೆ ಒಂದು ಕಪ್ಪು ಚರ್ಮದ ಕುರ್ಚಿ, ಅದರ ಮೇಲೆ ಒಂದೇ ಬೆಳಕು. ಡೋಲಿನ ಏಟು ಹತ್ತಿರ ಹತ್ತಿರ ಬರುವ ಹಾಗಿನ ಸಂಗೀತ. 'ಮಾಸ್ಟರ್‌ಮೈಂಡ್', ಬಿಬಿಸಿ, 1972. ಒಬ್ಬ ಬಂದು ಕೂರುತ್ತಾನೆ. ಎದುರಿನಿಂದ ಮ್ಯಾಗ್ನಸ್ ಮ್ಯಾಗ್ನಸನ್ ದನಿ: ಹೆಸರು? ವೃತ್ತಿ? ಆರಿಸಿಕೊಂಡ ವಿಷಯ? ಗಡಿಯಾರ ಓಡುತ್ತದೆ. ಅಮ್ಮನ ಕೈಯ ಬೀಜ ಅಲ್ಲೇ ನಿಲ್ಲುತ್ತದೆ. ಚಾವಡಿಯಲ್ಲಿ ಯಾರೂ ಹಪ್ಪಳ ಕಡಿಯುವುದಿಲ್ಲ. ಕೂತವನ ವಿಷಯ ಏನೋ ಗ್ರೀಕರದ್ದು, ನಿಮಗೂ ಗೊತ್ತಿಲ್ಲ, ಮಾಷ್ಟ್ರಿಗೂ ಗೊತ್ತಿಲ್ಲ. ಆದರೂ ಅವನ ಹಣೆಯ ಬೆವರು ನಿಮ್ಮ ಹಣೆಗೂ ಬಂದಿದೆ.

"ಇದೆಂತ ಪೊಲೀಸ್ ಸ್ಟೇಷನ್ನಾ?" ಎನ್ನುತ್ತಾರೆ ಅಮ್ಮ.

ಅವರು ಹೇಳಿದ್ದು ಹೆಚ್ಚುಕಡಿಮೆ ನಿಜ. ಇದನ್ನು ರೂಪಿಸಿದ ಬಿಲ್ ರೈಟ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದವರು, ಜರ್ಮನ್ನರ ಕೈಗೆ ಸಿಕ್ಕಿದವರು. ಗೆಸ್ಟಪೋ ವಿಚಾರಣೆಯಲ್ಲಿ ಮುಖಕ್ಕೆ ದೀಪ ಹಿಡಿದು ಹೆಸರು, ಹುದ್ದೆ, ನಂಬರು ಎಂದು ಕೇಳಿದ್ದನ್ನು ಅವರು ಮರೆಯಲಾಗಲಿಲ್ಲ. ಆ ಮೂರು ಪ್ರಶ್ನೆಗಳೇ ಹೆಸರು, ವೃತ್ತಿ, ವಿಷಯ ಆಗಿ ಈ ಕುರ್ಚಿಯ ಮುಂದೆ ಬಂದು ನಿಂತವು. ಕೇಳುವ ಮ್ಯಾಗ್ನಸನ್ನರೂ ಐಸ್‌ಲ್ಯಾಂಡಿನಲ್ಲಿ ಹುಟ್ಟಿದವರು. ಬ್ರಿಟಿಷರು ಎದೆಗೊತ್ತಿಕೊಂಡ ಈ ಆಟಗಳ ಬೇರು ಕೆದಕಿದರೆ ಹೀಗೇ, ಅಮೆರಿಕ, ಜರ್ಮನಿ, ಫ್ರಾನ್ಸು ಎಂದು ಎಲ್ಲೆಲ್ಲಿಗೋ ಹೋಗುತ್ತದೆ. ನಿಟ್ಟೆಗೆ ಬಂದದ್ದೂ ಆ ಪಯಣದ ಮುಂದುವರಿಕೆಯೇ. ಹೋದಲ್ಲೆಲ್ಲ ಆಟ ಬದಲಾಗುವುದು ಎರಡು ಕಡೆ: ಗೆದ್ದವನಿಗೆ ಏನು ಕೊಡುತ್ತಾರೆ, ಸೋತವನನ್ನು ಹೇಗೆ ನೋಡುತ್ತಾರೆ.

"ಸ್ವಲ್ಪ ನಮ್ಮ ಡಾಕ್ಟರನ್ನು ಹಾಕು ನೋಡುವ," ಎನ್ನುತ್ತಾರೆ ಮಾಷ್ಟ್ರು. "ಉಸಿರು ಕಟ್ಟಿತು."

ಡಾಕ್ಟರು ಎಂದರೆ ಈ ಮನೆಯಲ್ಲಿ ನಾ. ಸೋಮೇಶ್ವರ. ಚಂದನ ವಾಹಿನಿಯಲ್ಲಿ ಅವರು ನಡೆಸಿದ 'ಥಟ್ ಅಂತ ಹೇಳಿ' 2002ರ ಜನವರಿಯಲ್ಲಿ ಶುರುವಾಗಿ ಮೂರು ಸಾವಿರಕ್ಕೂ ಹೆಚ್ಚು ಸಂಚಿಕೆ ಕಂಡಿತು. ಹುಡುಗ ಹಳೆಯದೊಂದನ್ನು ಹುಡುಕಿ ಹಾಕುತ್ತಾನೆ. ಪರದೆಯಲ್ಲಿ ಬೆಳಕೋ ಬೆಳಕು. ಕತ್ತಲೆ ಇಲ್ಲ, ಡೋಲು ಇಲ್ಲ. ಉತ್ತರದ ಹಿಂದೆಯೇ ಒಂದು ವಿವರಣೆ, ವೈದ್ಯರು ರೋಗಿಗೆ ಔಷಧಿ ಯಾವಾಗ ತೆಗೆದುಕೊಳ್ಳಬೇಕು ಎಂದು ಹೇಳುವ ಅದೇ ನಿಧಾನದಲ್ಲಿ. ಬಹುಮಾನ ಪುಸ್ತಕ. ಹಣವಲ್ಲ, ಕಾರಲ್ಲ, ಕನ್ನಡದ ಪುಸ್ತಕ. ಮಾಷ್ಟ್ರು ಪ್ರತಿ ಪ್ರಶ್ನೆಗೂ ಪರದೆಯವರಿಗಿಂತ ಮೊದಲೇ ಉತ್ತರ ಹೇಳಿ ನಿಮ್ಮ ಕಡೆ ನೋಡುತ್ತಾರೆ. ಇದು ಹಳೆಯ ಸಂಚಿಕೆ, ಇವರು ಮೊದಲೇ ನೋಡಿರಬಹುದು ಎಂಬ ಅನುಮಾನ ನಿಮಗೆ ಬರುತ್ತದೆ. ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಅಷ್ಟರಲ್ಲಿ ಹುಡುಗ ಮುಂದಿನದಕ್ಕೆ ಹಾರಿದ್ದಾನೆ. ಕಿವಿಗೆ ಬಿದ್ದ ಕೂಡಲೇ ನಿಮಗೆ ಗುರುತು ಸಿಗುವ ಸಂಗೀತ, ನೀಲಿ ಬೆಳಕು ಮೇಲಿನಿಂದ ಕೆಳಗೆ ಜಾರುತ್ತದೆ. 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್', 1998ರ ಸೆಪ್ಟೆಂಬರ್, ಕ್ರಿಸ್ ಟ್ಯಾರಂಟ್. ಲಂಡನ್ನಿನ ಕ್ಯಾಪಿಟಲ್ ರೇಡಿಯೋದಲ್ಲಿ ಟ್ಯಾರಂಟ್ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದಾಗ ಡೇವಿಡ್ ಬ್ರಿಗ್ಸ್ ಅವರಿಗಾಗಿ ಕೇಳುಗರ ಸ್ಪರ್ಧೆಗಳನ್ನು ಮಾಡಿಕೊಡುತ್ತಿದ್ದರು. ಗೆದ್ದದ್ದನ್ನು ಇಟ್ಟುಕೊಳ್ಳುತ್ತೀಯೋ, ಪಣಕ್ಕಿಟ್ಟು ಇಮ್ಮಡಿ ಮಾಡುತ್ತೀಯೋ ಎಂಬ ಆ ಚೌಕಾಸಿಯಿಂದ ಇದು ಬೆಳೆಯಿತು. 2000ದ ಜುಲೈ 3ಕ್ಕೆ ಅಮಿತಾಭ್ ಬಚ್ಚನ್ನರ ಮೂಲಕ ಭಾರತಕ್ಕೆ ಬಂತು, 2012ರ ಮಾರ್ಚಿನಲ್ಲಿ ಕನ್ನಡಕ್ಕೆ. ಕುರ್ಚಿ ಅದೇ, ಬೆಳಕು ಅದೇ, ಎದೆಬಡಿತ ಅದೇ. ನೂರಕ್ಕೂ ಹೆಚ್ಚು ದೇಶಗಳಿಗೆ ಅಚ್ಚಿನಲ್ಲಿ ಎರಕ ಹೊಯ್ದು ಕಳಿಸಿದ ಆಟ.

ಒಂದನ್ನು ಮಾತ್ರ ಎರಕ ಹೊಯ್ಯಲಾಗಲಿಲ್ಲ. ಹುಡುಗ 'ಕನ್ನಡದ ಕೋಟ್ಯಧಿಪತಿ'ಯ ತುಣುಕು ಹಾಕುತ್ತಾನೆ, ಪುನೀತ್ ರಾಜಕುಮಾರ್ ಎದುರಿನ ಕುರ್ಚಿಯವರಿಗೆ ನೀರಿನ ಲೋಟ ಸರಿಸಿದ ಹಾಗೆ ಮೆತ್ತಗೆ ಪ್ರಶ್ನೆ ಸರಿಸುತ್ತಿದ್ದಾರೆ. ಎಲ್ಲರ ಅಪ್ಪು ಆಗಿದ್ದ ಅವರು ತೀರಿಕೊಂಡ 2021ರ ಅಕ್ಟೋಬರ್ 29 ಈ ಚಾವಡಿಯಲ್ಲಿ ಯಾರಿಗೂ ಮರೆತಿಲ್ಲ.

"ಬೇರೆಯವರು ಕೇಳುವಾಗ ಕೂತವರಿಗೆ ಹೆದರಿಕೆ," ಎನ್ನುತ್ತಾರೆ ಅಮ್ಮ. "ಅಪ್ಪು ಕೇಳುವಾಗ ಅವನಿಗೇ ಹೆದರಿಕೆ, ಪಾಪ ಇವರು ತಪ್ಪು ಹೇಳಿದರೆ ಎಂತ ಮಾಡುವುದು ಅಂತ."

ನನ್ನನ್ನು ಕೇಳಿದರೆ, ಆ ಕಾರ್ಯಕ್ರಮದ ಬಗ್ಗೆ ಬಂದ ಎಲ್ಲ ವಿಮರ್ಶೆಗಿಂತ ಇದು ಮೇಲು.

ಕರೆಂಟು ಹೋಗುತ್ತದೆ.

ಒಂದು ಕ್ಷಣ ಯಾರೂ ಅಲುಗಾಡುವುದಿಲ್ಲ. ಮಾಷ್ಟ್ರು ಚಾರ್ಜರ್ ಲೈಟು ತರುತ್ತಾರೆ. ಹುಡುಗ ಸುಮ್ಮನೆ ಕೂರುವವನಲ್ಲ, ಇನ್ನೊಂದು ಆಟ ಬಾಕಿಯಿದೆ, ಅದಕ್ಕೆ ಟಿವಿ ಬೇಡ ಎನ್ನುತ್ತಾನೆ. 'ಕೌಂಟ್‌ಡೌನ್'. 1982ರ ನವೆಂಬರ್ 2ರಂದು ಚಾನೆಲ್ ಫೋರ್ ಹುಟ್ಟಿದಾಗ ಅದರ ಮೊಟ್ಟಮೊದಲ ಕಾರ್ಯಕ್ರಮ. ಅದೂ ಫ್ರಾನ್ಸಿನ 1965ರ ಆಟದ ಮಗು. ಒಂಬತ್ತು ಅಕ್ಷರ, ಮೂವತ್ತು ಸೆಕೆಂಡು, ಅದರಲ್ಲಿ ಉದ್ದದ ಶಬ್ದ ಹೇಳಿದವನು ಗೆದ್ದ.

"ಕನ್ನಡದಲ್ಲಿ ಆಡುವ," ಎನ್ನುತ್ತಾರೆ ಅಮ್ಮ, ಯಾರೂ ಕೇಳದೆಯೇ.

ಹಳೆಯ ಮದುವೆ ಕಾಗದವೊಂದು ಸಿಗುತ್ತದೆ. ಕತ್ತರಿಸಿ ಚೀಟಿ ಮಾಡುತ್ತಾ ಕೂತಾಗ ತೊಡಕು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಸ್ವರಕ್ಕೆ ಬೇರೆ ಚೀಟಿ, ವ್ಯಂಜನಕ್ಕೆ ಬೇರೆ ಚೀಟಿ. ನಮ್ಮಲ್ಲಿ ಒಂದು 'ಕ'ಕಾರಕ್ಕೇ ಕಾಗುಣಿತದ ಇಡೀ ಸಾಲು, ಮೇಲೆ ಒತ್ತು. ಎಲ್ಲ ಬರೆದರೆ ಮದುವೆಗೆ ಬಂದವರಷ್ಟು ಚೀಟಿ ಬೇಕು. ಮಾಷ್ಟ್ರು ತೀರ್ಪು ಕೊಡುತ್ತಾರೆ: ವ್ಯಂಜನ ಮಾತ್ರ ಬರೆಯುವುದು, ಸ್ವರವನ್ನೂ ಒತ್ತನ್ನೂ ಬೇಕಾದ ಹಾಗೆ ಹಚ್ಚಿಕೊಳ್ಳುವುದು, ಹೆಚ್ಚು ಬಳಕೆಯ ಅಕ್ಷರಕ್ಕೆ ಎರಡೆರಡು ಚೀಟಿ. ಅನುಮಾನ ಬಂದರೆ ಕಿಟ್ಟೆಲ್. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಆ ನಿಘಂಟಿನ ಮರುಮುದ್ರಣ ಈ ಮನೆಯ ಕಪಾಟಿನಲ್ಲಿದೆ, ಬೆನ್ನು ಕಿತ್ತುಹೋಗಿದೆ.

ನೀವು ಚೀಟಿ ಎತ್ತಿ. ಕ, ರ, ಕ, ಳ, ಮ, ಟ, ನ, ಗ, ಸ. ಹುಡುಗ ಫೋನಿನಲ್ಲಿ ಮೂವತ್ತು ಸೆಕೆಂಡು ಬಿಡುತ್ತಾನೆ.

ಹತ್ತನೇ ಸೆಕೆಂಡಿಗೆ ನಿಮಗೆ 'ಸರಕು' ಹೊಳೆಯುತ್ತದೆ. ಮೂರೇ ಅಕ್ಷರ. ಹುಡುಗ ಕಾರ್ಕಳ ಎನ್ನುತ್ತಾನೆ, ನಾಲ್ಕು. ಊರಿನ ಹೆಸರು ನಡೆಯುವುದಿಲ್ಲ ಎಂದು ಮಾಷ್ಟ್ರು. ಅವರದ್ದು 'ನಮಸ್ಕಾರ', ಐದು. ಗೆದ್ದ ನಗೆಯಲ್ಲಿ ಹಿಂದಕ್ಕೆ ಒರಗುತ್ತಾರೆ.

"ನಮಸ್ಕಾರಗಳು," ಎನ್ನುತ್ತಾರೆ ಅಮ್ಮ.

ಏಳು. ನೀವು ಬೆರಳು ಮಡಚಿ ಎಣಿಸಿ ನೋಡುತ್ತೀರಿ, ಹೌದು, ಏಳು. ಬಹುವಚನ ಹಚ್ಚುವುದು ಮೋಸ ಎಂದು ಮಾಷ್ಟ್ರು ಗೊಣಗುತ್ತಾರೆ. ಇಂಗ್ಲೆಂಡಿನಲ್ಲಿ ಬಹುವಚನ ನಡಿತೈತ್ರಿ ಸಾರ್ ಎಂದು ಹುಡುಗ ಅಮ್ಮನ ಪಕ್ಷ ಸೇರುತ್ತಾನೆ. ನಾಳೆ ಬೆಳಿಗ್ಗೆ ಅವನಿಗೆ ಒಂದು ನೀರ್‌ದೋಸೆ ಹೆಚ್ಚು ಸಿಗುವುದು ಖಂಡಿತ.

ಎರಡನೇ ಸುತ್ತು. ಜ, ಪ, ತ, ನ, ಬ, ತ, ಯ, ಹ, ಡ. ಹುಡುಗ 'ಬಡತನ' ಹೇಳಿ ನಾಲ್ಕು ಗಳಿಸುತ್ತಾನೆ. ಮಾಷ್ಟ್ರಿಗೆ ಏನೂ ಹೊಳೆಯುತ್ತಿಲ್ಲ. ನಿಮಗಂತೂ 'ಪತನ'ದಿಂದ ಮೇಲೇಳಲು ಆಗುತ್ತಿಲ್ಲ.

"ಪತ್ತನಾಜೆ," ಎನ್ನುತ್ತಾರೆ ಅಮ್ಮ. ಐದು.

"ಹಂಗಂದ್ರೇನ್ರಿ?"

ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ, ಬೇಶ ತಿಂಗಳ ಹತ್ತು, ಆಮೇಲೆ ಮಳೆಗಾಲ ಮುಗಿಯುವವರೆಗೆ ಕೋಲವೂ ಇಲ್ಲ, ಆಟವೂ ಇಲ್ಲ ಎಂದು ಮಾಷ್ಟ್ರು ವಿವರಿಸುತ್ತಾರೆ. ವಿವರಿಸಿ, ಇದು ತುಳು, ಕಿಟ್ಟೆಲಿನಲ್ಲಿ ಸಿಗುವುದಲ್ಲ ಎಂದೂ ಹೇಳುತ್ತಾರೆ. ತುಳು ನಿಘಂಟು ಬೇರೆಯೇ ಉಂಟು. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತಂದದ್ದು, ಯು.ಪಿ. ಉಪಾಧ್ಯಾಯರ ಸಂಪಾದಕತ್ವ, ಆರು ಸಂಪುಟ. ಆದರೆ ಅದು ಈ ಮನೆಯಲ್ಲಿಲ್ಲ.

"ಹಬ್ಬದ ಹೆಸರು ಅಂಕಿತನಾಮ ಆಗ್ತೈತಿ, ಆಂಟಿ," ಎಂದು ಹುಡುಗ ಮೆಲ್ಲನೆ ಪಕ್ಷ ಬದಲಿಸುತ್ತಾನೆ.

"ಕನ್ನಡದವರ ಬಾಯಲ್ಲೂ ಅದೇ ಶಬ್ದ ಅಲ್ವಾ ಇಲ್ಲಿ? ನಿಲ್ಲು. ನಿಮ್ಮ ಆ ಕೋಟಿಯ ಆಟದಲ್ಲಿ ಫೋನು ಮಾಡಲಿಕ್ಕೆ ಉಂಟಲ್ಲ. ನಾನು ಅಕ್ಕನನ್ನು ಕೇಳುತ್ತೇನೆ."

ಅಕ್ಕ ಇರುವುದು ಮುಂಬಯಿಯಲ್ಲಿ. ಫೋನು ಸ್ಪೀಕರಿಗೆ ಬರುತ್ತದೆ. ನಿಯಮ ನಿಯಮವೇ ಎಂದು ಹುಡುಗ ಮತ್ತೆ ಮೂವತ್ತು ಸೆಕೆಂಡು ಬಿಡುತ್ತಾನೆ. ಎರಡು ರಿಂಗಿಗೇ ಅಕ್ಕ ಎತ್ತುತ್ತಾರೆ. ಅಮ್ಮ ಪ್ರಶ್ನೆ ಶುರುಮಾಡುವ ಮೊದಲೇ ಆ ಕಡೆಯಿಂದ "ಬರ್ಸ ಎಂಚ ಉಂಡು?" ಎಂದು ಬರುತ್ತದೆ. ಅಮ್ಮ ಮಳೆ ಹೇಗಿದೆ ಎಂದು ಹೇಳುತ್ತಾರೆ, ತೋಡು ತುಂಬಿದ್ದು, ತೋಟದ ಅಡಿಕೆಗೆ ಕೊಳೆರೋಗ ಬಂದದ್ದು, ಬಚ್ಚಲಿನ ಸೌದೆ ಒಣಗದ್ದು. ಅಲ್ಲಿ ಲೋಕಲ್ ಟ್ರೈನು ನಿಂತದ್ದು, ಸೊಸೆ ಬೆಳಿಗ್ಗೆ ಹೋದವಳು ಇನ್ನೂ ಬಾರದ್ದು. ಹುಡುಗ ಫೋನಿನ ಗಡಿಯಾರ ಎತ್ತಿ ತೋರಿಸುತ್ತಾನೆ, ಹತ್ತು, ಒಂಬತ್ತು, ಎಂಟು. ಅಮ್ಮ ಕೈಸನ್ನೆಯಲ್ಲೇ ಅವನನ್ನು ಸುಮ್ಮನಿರಿಸಿ, ಅಕ್ಕಾ, ಸೊಸೆಗೆ ಮೊದಲು ಒಂದು ಫೋನು ಮಾಡು, ಆಮೇಲೆ ನನಗೆ ತಿರುಗಿ ಮಾಡು, ಒಂದು ಶಬ್ದದ ವಿಷಯ ಕೇಳಲಿಕ್ಕುಂಟು ಎನ್ನುತ್ತಾರೆ ತುಳುವಿನಲ್ಲಿ.

ಗಡಿಯಾರ ಕೂಗುತ್ತದೆ.

"ಇದು ಲೆಕ್ಕಕ್ಕಿಲ್ಲ," ಎನ್ನುತ್ತಾರೆ ಅಮ್ಮ. "ನೀನು ನಾಲ್ಕು ಅಂತ ಬರಿ, ನನ್ನ ಐದು ಬಾಕಿ ಇಡು. ಚೀಟಿ ಎತ್ತಿ ನೋಡುವ, ಮುಂದಿನದ್ದು ಯಾರದ್ದು?"