ಎಕ್ಸಿಟ್ ಎಂಬ ಮಾತು

ರೈಲುನಿಲ್ದಾಣ, ನಾಟಕಶಾಲೆ, ಆಸ್ಪತ್ರೆ ಮೊದಲಾದೆಡೆಗಳಲ್ಲಿ ಬಾಗಿಲ ನೆತ್ತಿಯ ಮೇಲೆ ‘ಎಕ್ಸಿಟ್’ ಎಂಬ ಇಂಗ್ಲಿಷ್ ಮಾತನ್ನು ಬರೆದಿರುವುದನ್ನು ವಾಚಕರೆಲ್ಲರೂ ಕಂಡಿರುವರು. ಹೊರಗೆ ಹೋಗುವ ದಾರಿ ಎಂಬ ಅದರ ಅರ್ಥವೂ ಎಲ್ಲರಿಗೆ ತಿಳಿದದ್ದೇ. ಆದರೆ ಈ ಮಾತು ಹುಟ್ಟಿನಲ್ಲಿ ದಾರಿಯ ಹೆಸರಲ್ಲ, ಬಾಗಿಲಿನ ಹೆಸರೂ ಅಲ್ಲ. ಅದು ಒಂದು ಪೂರ್ಣ ವಾಕ್ಯ.

ಲ್ಯಾಟಿನ್ ಭಾಷೆಯಲ್ಲಿ ‘ಎಕ್ಸ್’ ಎಂದರೆ ಹೊರಗೆ, ‘ಈರೆ’ ಎಂದರೆ ಹೋಗುವುದು. ಇವೆರಡೂ ಕೂಡಿದ ಧಾತುವಿನ ವರ್ತಮಾನಕಾಲದ ಪ್ರಥಮಪುರುಷ ಏಕವಚನವೇ ‘ಎಕ್ಸಿಟ್’: ಹೊರಗೆ ಹೋಗುತ್ತಾನೆ ಅಥವಾ ಹೋಗುತ್ತಾಳೆ, ಆ ರೂಪದಲ್ಲಿ ಲಿಂಗಭೇದವಿಲ್ಲ. ಹದಿನಾರನೆಯ ಶತಮಾನದ ಇಂಗ್ಲಿಷ್ ನಾಟಕಕಾರರು ಪಾತ್ರವು ರಂಗದಿಂದ ತೆರಳಬೇಕಾದಲ್ಲಿ ಈ ಕ್ರಿಯಾಪದವನ್ನು ಇದ್ದಂತೆಯೇ ಬರೆದರು. ಹಲವರು ತೆರಳುವಲ್ಲಿ ‘ಎಕ್ಸಿಯಂಟ್’ ಎಂಬ ಬಹುವಚನವನ್ನಿಟ್ಟರು. 1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ನಾಟಕಸಂಪುಟದಲ್ಲಿ ಇವೆರಡೂ ಹೇರಳವಾಗಿ ಕಾಣುತ್ತವೆ. ಬರಬರುತ್ತ ಆ ಕ್ರಿಯಾಪದವೇ ನಾಮಪದವಾಗಿ ರಂಗವನ್ನು ಬಿಟ್ಟು ಬೀದಿಗಿಳಿಯಿತು.

ಸಂಸ್ಕೃತ ನಾಟಕಗಳನ್ನು ಬಲ್ಲವರಿಗೆ ಈ ಪದ್ಧತಿ ಹೊಸದಾಗಿ ತೋರದು. ಅಂಕವು ಮುಗಿಯುವಲ್ಲಿ ‘ನಿಷ್ಕ್ರಾಂತಾಃ ಸರ್ವೇ’ ಎಂದಿರುವುದಷ್ಟೆ! ಸಂಬಂಧವು ಇಷ್ಟಕ್ಕೇ ನಿಲ್ಲುವುದೂ ಇಲ್ಲ. ಲ್ಯಾಟಿನ್ನಿನ ‘ಈರೆ’, ಸಂಸ್ಕೃತದಲ್ಲಿ ‘ಏತಿ’ ಎಂಬ ರೂಪವನ್ನು ಕೊಡುವ ‘ಇಣ್’ ಧಾತು, ಇವೆರಡೂ ಒಂದೇ ಬೇರಿನವು. ಈ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸನು 1786ರಲ್ಲಿ ಕಲಕತ್ತೆಯಲ್ಲಿ ಹೇಳಿದ ಮಾತಿಗೆ ಇದೂ ಒಂದು ನಿದರ್ಶನ. ಒಳಹೊಗುವುದೆಂಬ ಅರ್ಥದಿಂದ ಮೊದಲನ್ನು ಸೂಚಿಸುವ ‘ಇನಿಷಿಯಲ್’, ನಾಶವಾಗುವುದೆಂಬ ‘ಪೆರಿಷ್’, ಮರಣವಾರ್ತೆಯಾದ ‘ಒಬಿಚುಯರಿ’, ಇವೆಲ್ಲವೂ ಆ ‘ಈರೆ’ಯ ಮಕ್ಕಳೇ. ಹೊರಹೋಗುವಿಕೆಯನ್ನು ಹೇಳುವ ‘ಎಕ್ಸಿಟಸ್’ ಎಂಬ ಲ್ಯಾಟಿನ್ ಪದಕ್ಕೆ ಕೊನೆ, ಸಾವು ಎಂಬ ಅರ್ಥಗಳೂ ಉಂಟು.

ನಮ್ಮ ತಾಯಿ ನೆರೆಮನೆಗೆ ಹೊರಟರೂ ‘ಹೋಗುತ್ತೇನೆ’ ಎಂದವರಲ್ಲ. ಮಕ್ಕಳಾದ ನಾವು ಹಾಗೆಂದರೆ, “ಬರ್ತೀನಿ ಅನ್ನಬೇಕಪ್ಪ” ಎಂದು ತಿದ್ದುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅವರು ಆಸ್ಪತ್ರೆಯೊಂದರಲ್ಲಿ ಏನನ್ನೂ ಹೇಳದೆ ತೀರಿಕೊಂಡರು. ಬೆಳಗಿನ ಜಾವದಲ್ಲಿ ಅವರನ್ನು ಹೊರಗೆ ತರುವಾಗ ಬಾಗಿಲ ಮೇಲಿನ ಕೆಂಪು ಅಕ್ಷರಗಳು ನನ್ನ ಕಣ್ಣಿಗೆ ಬಿದ್ದುವು. ಅಂದು ಅವು ದಾರಿಯ ಗುರುತಾಗಿ ತೋರಲಿಲ್ಲ. ಹಳೆಯ ಕ್ರಿಯಾಪದವಾಗಿಯೇ ಓದಿಬಂದುವು. ಲ್ಯಾಟಿನ್ನು ಹೇಳದೆ ಬಿಟ್ಟ ಲಿಂಗವನ್ನು ನನ್ನ ಕನ್ನಡವು ತಾನಾಗಿ ತುಂಬಿಕೊಂಡಿತು: ಹೊರಗೆ ಹೋಗುತ್ತಾಳೆ. ತಾಯಿಯು ಬಾಯಲ್ಲಿ ತಾರದೆ ಇದ್ದ ಮಾತನ್ನು ಆ ಬಾಗಿಲು ಅವರ ಪರವಾಗಿ ಆಡಿಬಿಟ್ಟಂತಾಯಿತು.

ರೋಮಿನವರಿಗೂ ‘ರೆಡೀರೆ’ ಎಂಬ ಇನ್ನೊಂದು ಮಾತಿದ್ದಿತು. ಅದೂ ಅದೇ ‘ಈರೆ’ಯಿಂದ ಬಂದುದು, ಹಿಂದಿರುಗುವುದು ಎಂದು ಅದರ ಅರ್ಥ. ಅದನ್ನು ಬಾಗಿಲ ಮೇಲೆ ಬರೆಯುವ ವಾಡಿಕೆ ಎಲ್ಲಿಯೂ ಬೆಳೆಯಲಿಲ್ಲ. ಅವರು ಬೇರೆಬೇರೆಯಾಗಿ ಇರಿಸಿಕೊಂಡ ಎರಡು ಮಾತುಗಳನ್ನು ನಮ್ಮ ಮನೆಗಳಲ್ಲಿ ಹೊಸ್ತಿಲು ದಾಟುವಾಗ ಒಟ್ಟಿಗೇ ಆಡುತ್ತೇವೆ: ಹೋಗಿಬರುತ್ತೇನೆ.