ದಸರೆಗೆ ಹೋಗಿ ಸಾಲವಿಲ್ಲದೆ ಬಂದುದು

ಆಶ್ವಯುಜ ಮಾಸವು ಸಮೀಪಿಸಿತೆಂದರೆ ನಮ್ಮ ಸೀಮೆಯ ಮನೆಮನೆಯಲ್ಲಿಯೂ ಮೈಸೂರಿನ ಮಾತು ಮೊದಲಾಗುತ್ತದೆ. ಈ ಸಲವಾದರೂ ಹೋಗೋಣವೆಂದು ಮಕ್ಕಳು ಕಾಡುವರು. ಹೋಗಿಬಂದ ನೆರೆಯವರು ಅಲ್ಲಿಯ ವೈಭವವನ್ನು ವರ್ಣಿಸುವರು. ಮನೆಯ ಯಜಮಾನನು ಮಾತ್ರ ಹಣದ ಚೀಲವನ್ನು ಮುಟ್ಟಿ ನೋಡಿಕೊಂಡು ಸುಮ್ಮನಿರುವನು. ನಾವು ಸಂಸಾರಸಮೇತರಾಗಿ ಎರಡು ಸಲ ದಸರೆಗೆ ಹೋಗಿಬಂದೆವು. ಮೊದಲನೆಯ ಸಲ ಸಾಲವನ್ನು ಹೊತ್ತು ತಂದೆವು. ಎರಡನೆಯ ಸಲ ಸಾಲವಿಲ್ಲದೆ ಮರಳಿದೆವು. ಊರು ಅದೇ, ದೀಪಗಳೂ ಅವೇ. ವ್ಯತ್ಯಾಸವಿದ್ದುದು ನಮ್ಮಲ್ಲಿ. ಅದನ್ನು ವಾಚಕರ ಮುಂದಿಟ್ಟರೆ ಯಾರಿಗಾದರೂ ಉಪಯೋಗವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲನೆಯ ಸಲ ನಾವು ಯಾವ ಲೆಕ್ಕವನ್ನೂ ಹಾಕದೆ, ವಿಜಯದಶಮಿಯ ಹಿಂದಿನ ದಿನ ಬೆಂಗಳೂರಿನಿಂದ ಬಾಡಿಗೆಯ ಕಾರಿನಲ್ಲಿ ಹೊರಟೆವು. ಮೈಸೂರು ಜನರಿಂದ ಕಿಕ್ಕಿರಿದಿದ್ದಿತು. ಸಿಕ್ಕಿದ ಕೊಠಡಿಗೆ ಕೇಳಿದಷ್ಟು ಬಾಡಿಗೆಯನ್ನು ಕೊಟ್ಟೆವು. ಮರುದಿನ ಜಂಬೂಸವಾರಿಯನ್ನು ನೋಡಲು ಹಣ ತೆತ್ತು ಆಸನಗಳನ್ನು ಪಡೆದೆವು. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿಯನ್ನು ಹೊತ್ತು, ಜನಸಾಗರದ ನಡುವೆ ಬನ್ನಿಮಂಟಪದ ಕಡೆಗೆ ಗಂಭೀರವಾಗಿ ನಡೆದ ಆ ಆನೆಯನ್ನು ಕಂಡು ಮೈಮರೆತುದು ನಿಜ. ಆದರೆ ಆ ಮೈಮರೆವು ಅಂಗಡಿಗೆ ಹೋದಾಗಲೂ ಬಿಡಲಿಲ್ಲ. ಒಂದು ರೇಷ್ಮೆಯ ಸೀರೆ, ಗೊಂಬೆಗಳ ಒಂದು ಪೂರ್ಣ ಸಾಲು, ನೆಂಟರಿಗೆಲ್ಲ ಕಾಣಿಕೆಗಳು ಎಂದು ಕೊಳ್ಳುತ್ತಲೇ ಹೋದೆವು. ಕೈಯಿಂದ ನೋಟು ಹೋಗದೆ ಕಾರ್ಡಿನಿಂದ ಹಣ ಸಂದಾಯವಾಗುತ್ತಿದ್ದುದರಿಂದ ಖರ್ಚಾದುದೇ ತಿಳಿಯಲಿಲ್ಲ. ಮನೆಗೆ ಬಂದು ಕೂಡಿಸಿ ನೋಡಿದಾಗ ಒಟ್ಟು 32,000 ರೂಪಾಯಿಗಳಾಗಿದ್ದವು. ನಮ್ಮಲ್ಲಿ ಇದ್ದುದು 12,000. ಉಳಿದ 20,000 ಸಾಲ.

ಕಾರ್ಡಿನ ಸಾಲಕ್ಕೆ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ಕೇಳುವುದಕ್ಕೆ ಅಲ್ಪವೆನಿಸುತ್ತದೆ, ಆದರೆ 20,000ಕ್ಕೆ ಮೊದಲ ತಿಂಗಳ ಬಡ್ಡಿಯೇ 600 ರೂಪಾಯಿ. ತಿಂಗಳಿಗೆ 1,000 ಕಟ್ಟಿ ಸಮಾಧಾನಪಟ್ಟುಕೊಳ್ಳುವವನ ಅಸಲು ಆ ತಿಂಗಳು 400 ರೂಪಾಯಿಯಷ್ಟೇ ತಗ್ಗುತ್ತದೆ. ಆ ಲೆಕ್ಕದಲ್ಲಿ ಸಾಲ ತೀರಲು 31 ತಿಂಗಳು ಬೇಕು. ತೆರುವ ಹಣ ಸುಮಾರು 31,000. ಅಷ್ಟರಲ್ಲಿ ಇನ್ನೆರಡು ದಸರೆಗಳು ಬಂದು ಹೋಗುತ್ತವೆ. ಇದನ್ನು ಅರಿತು ನಾವು ಬಾಯಿ ಕಟ್ಟಿ, ತಿಂಗಳಿಗೆ 2,500 ರೂಪಾಯಿಯಂತೆ ಹತ್ತು ತಿಂಗಳಲ್ಲಿ ತೀರಿಸಿದೆವು.

ಆದರೆ ಬಾಯಿ ಕಟ್ಟಿದವರು ನಾವು ಮಾತ್ರವಲ್ಲ. ನಮ್ಮ ಮನೆಯ ಹಿರಿಯರಾದ ಅಮ್ಮನ ಕಣ್ಣುಗಳಿಗೆ ಪೊರೆ ಬಂದಿದ್ದಿತು. ಕಾರ್ತಿಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ನಿಶ್ಚಯಿಸಿದ್ದೆವು. ಸಾಲದ ಕಂತಿನಿಂದಾಗಿ ಅದು ಮುಂದಿನ ಭಾದ್ರಪದಕ್ಕೆ ಹೋಯಿತು. ಅಮ್ಮ ಒಂದು ಮಾತನ್ನೂ ಆಡಲಿಲ್ಲ. ಗೋಡೆಯನ್ನು ಹಿಡಿದು ನಡೆಯುತ್ತಿದ್ದರು. ಗೊಂಬೆಗಳ ಸಾಲು ಬೀರುವಿನಲ್ಲಿ ಥಳಥಳಿಸುತ್ತಿದ್ದಿತು. ಸಾಲವೆಂಬುದು ಮಾಡಿದವನನ್ನೇ ಹಿಡಿಯುವುದಿಲ್ಲ, ಮನೆಯಲ್ಲಿ ಯಾರು ಹೆಚ್ಚು ಸಹಿಸುವರೋ ಅವರನ್ನು ಹಿಡಿಯುತ್ತದೆಂಬುದು ಆಗ ನಮಗೆ ತಿಳಿಯಿತು.

ಎರಡನೆಯ ಪ್ರಯಾಣಕ್ಕೆ ನಾವು ಯುಗಾದಿಯಂದೇ ಸಿದ್ಧರಾದೆವು. ತಿಂಗಳಿಗೆ 1,500 ರೂಪಾಯಿಗಳನ್ನು ಬೇರೆಯಾಗಿ ತೆಗೆದಿಟ್ಟೆವು. ಆರು ತಿಂಗಳಿಗೆ 9,000 ಆಯಿತು. ಅದನ್ನು ಐದು ಲಕೋಟೆಗಳಲ್ಲಿ ಹಂಚಿದೆವು: ಪ್ರಯಾಣಕ್ಕೆ 1,000, ಎರಡು ರಾತ್ರಿಯ ವಸತಿಗೆ 3,000, ಊಟೋಪಚಾರಕ್ಕೆ 2,400, ಕೊಳ್ಳುವುದಕ್ಕೆ 1,600, ಆಪತ್ತಿಗೆ 1,000. ಕಾರ್ಡನ್ನು ದೇವರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆವು. ವಿಜಯದಶಮಿಯನ್ನು ಬಿಟ್ಟು ನವರಾತ್ರಿಯ ಮೂರನೆಯ ದಿನವನ್ನು ಆರಿಸಿಕೊಂಡೆವು. ಅಂಬಾರಿಯನ್ನು ಮನೆಯಲ್ಲಿಯೇ ದೂರದರ್ಶನದಲ್ಲಿ ನೋಡಬಹುದು; ಅರಮನೆಯ ದೀಪಗಳಾದರೋ ನವರಾತ್ರಿಯ ಎಲ್ಲ ಸಂಜೆಗಳಲ್ಲಿಯೂ ಬೆಳಗುತ್ತವೆ.

ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರು. ಸಾಧಾರಣ ರೈಲುಗಾಡಿಯಲ್ಲಿ ಕುಳಿತು, ಮನೆಯಿಂದ ತಂದ ಚಪಾತಿ ಚಿತ್ರಾನ್ನಗಳನ್ನು ಬಿಚ್ಚಿದೆವು. ಅರಗಿನ ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಚನ್ನಪಟ್ಟಣ ಕಳೆಯಿತು. ಮದ್ದೂರಿನಲ್ಲಿ ಬಿಸಿ ವಡೆ ಬಂದಿತು. ಊಟೋಪಚಾರದ ಲಕೋಟೆ ಅಲ್ಲಿ ಮೊದಲ ಸಲ ತೆರೆಯಿತು. ಮಂಡ್ಯದ ಹಸುರು ಗದ್ದೆಗಳನ್ನು ದಾಟಿ ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಕಂಡೆವು. ರಾಜ ಒಡೆಯರು 1610ರಲ್ಲಿ ದಸರೆಯನ್ನು ಆರಂಭಿಸಿದುದು ಈ ದ್ವೀಪದಲ್ಲಿಯೇ ಎಂದು ಮಗನಿಗೆ ಹೇಳಿದೆವು.

ಅಂದಿನ ಸಂಜೆ ಅರಮನೆಯ ಎದುರಿನಲ್ಲಿ ನಿಂತೆವು. 1897ರಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ತುತ್ತಾದ ಮೇಲೆ, ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ 41 ಲಕ್ಷ ರೂಪಾಯಿಗಳಿಗೂ ಮೀರಿದ ವೆಚ್ಚದಲ್ಲಿ ಕಟ್ಟಿ 1912ರಲ್ಲಿ ಮುಗಿಸಿದ ಸೌಧವಿದು. ಕತ್ತಲು ಕವಿಯುತ್ತಿದ್ದಂತೆ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹೊತ್ತಿಕೊಂಡವು. ಗೋಪುರ, ಕಮಾನು, ಕಂಬಗಳೆಲ್ಲವೂ ಚಿನ್ನದ ಗೆರೆಗಳಲ್ಲಿ ಮೂಡಿದವು. ಅಮ್ಮ ಬಹಳ ಹೊತ್ತು ನೋಡಿದರು. ಆಮೇಲೆ, "ಹೋದ ಸಲ ಬರಿಯ ಬೆಳಕಿನ ಮುದ್ದೆಯಂತೆ ಕಂಡಿತ್ತು, ಈಗ ಒಂದೊಂದು ದೀಪವೂ ಬೇರೆಬೇರೆಯಾಗಿ ಕಾಣುತ್ತದೆ" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಆ ನೋಟಕ್ಕೆ ನಾವು ತೆತ್ತುದು ಒಂದು ಕಾಸೂ ಇಲ್ಲ.

ಮರುದಿನ ಬೆಳಗಿನ ತಂಪಿನಲ್ಲಿ ಚಾಮುಂಡಿಬೆಟ್ಟವನ್ನು ಮೆಟ್ಟಿಲಿನಿಂದ ಹತ್ತಿದೆವು. ಮೆಟ್ಟಿಲುಗಳು ಸುಮಾರು 1,000. ಎರಡು ಪಾಲಿಗೂ ಮಿಕ್ಕಿ ಹತ್ತಿದ ಮೇಲೆ, ದೊಡ್ಡದೇವರಾಜ ಒಡೆಯರ ಕಾಲದ ಏಕಶಿಲೆಯ ಮಹಾನಂದಿಯು ದಣಿವನ್ನು ಆರಿಸುತ್ತದೆ. ಅಮ್ಮ ಮತ್ತು ಮನೆಯಾಕೆ ಸರ್ಕಾರಿ ಬಸ್ಸಿನಲ್ಲಿ ಮೇಲೆ ಬಂದರು. 2023ರಲ್ಲಿ ಮೊದಲಾದ ಶಕ್ತಿ ಯೋಜನೆಯಿಂದ ಅವರಿಗೆ ದರವೂ ಬೀಳಲಿಲ್ಲ. ದೇವಿಯ ದರ್ಶನ ಮಾಡಿ, ಕೆಳಗೆ ಹರಡಿದ ನಗರವನ್ನು ನೋಡುತ್ತ ಬುತ್ತಿಯನ್ನು ಉಂಡೆವು.

ಪರೀಕ್ಷೆ ಬಂದುದು ಪೇಟೆಯಲ್ಲಿ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ವೀಳ್ಯದೆಲೆ, ರಸಬಾಳೆಗಳ ಪರಿಮಳ ಮನಸ್ಸನ್ನು ಸೆಳೆಯಿತು. ಇವು ಅಗ್ಗದ ಸುಖಗಳು, ಧಾರಾಳವಾಗಿಯೇ ಕೊಂಡೆವು. ಮೈಸೂರಿನಲ್ಲಿ ರೇಷ್ಮೆ ನೇಯುವ ಸರ್ಕಾರಿ ಕಾರ್ಖಾನೆಯು 1912ರಲ್ಲಿಯೇ ಆರಂಭವಾದುದು. ಇಲ್ಲಿಯ ರೇಷ್ಮೆಯ ನುಣುಪನ್ನು ಬಲ್ಲವರೇ ಬಲ್ಲರು. ಮನೆಯಾಕೆ ಒಂದು ಸೀರೆಯನ್ನು ಮುಟ್ಟಿ ನೋಡಿ, ಬೆಲೆಯನ್ನು ಕೇಳಿ, "ಇದಕ್ಕೆ ಬೇರೆಯ ಲಕೋಟೆ ಬೇಕು" ಎಂದು ನಕ್ಕು ಹೊರಬಂದಳು. ಮಗನಿಗೆ 300 ರೂಪಾಯಿಗಳನ್ನು ಅವನ ಕೈಗೇ ಕೊಟ್ಟಿದ್ದೆವು. ನಮ್ಮ ಹಣವಾಗಿದ್ದಾಗ ಕಂಡುದನ್ನೆಲ್ಲ ಕೇಳುತ್ತಿದ್ದ ಹುಡುಗ, ತನ್ನ ಹಣವಾದೊಡನೆ ನಾಲ್ಕು ಅಂಗಡಿಗಳನ್ನು ಸುತ್ತಿ ಚೌಕಾಸಿ ಮಾಡಿದನು! ಗೊಂಬೆಗಳ ಅಂಗಡಿಯಲ್ಲಿ ಒಂದೇ ಒಂದು ಜೊತೆಯನ್ನು ಆರಿಸಿದೆವು. ಮದುವೆಯಲ್ಲಿ ಬಂದ ಪಟ್ಟದ ಗೊಂಬೆಗಳಿಗೆ ವರ್ಷಕ್ಕೊಂದು ಜೊತೆಯನ್ನು ಸೇರಿಸುತ್ತ ಹೋಗುವುದೇ ನಮ್ಮ ಹಿರಿಯರ ಪದ್ಧತಿ. ಹಾಗೆ ಕೂಡಿದ ಸಾಲಿನಲ್ಲಿ ಪ್ರತಿಯೊಂದು ಗೊಂಬೆಗೂ ಒಂದು ಕಥೆಯಿರುತ್ತದೆ.

ಮನೆಗೆ ಬಂದು ಲಕೋಟೆಗಳನ್ನು ಬಿಚ್ಚಿದಾಗ, ಆಪತ್ತಿನ ಹಣದಲ್ಲಿ ಮಗನ ನೆಗಡಿಯ ಔಷಧಕ್ಕೆ 150 ಹೋಗಿ 850 ಉಳಿದಿದ್ದಿತು. ಅದೇ ಸೀರೆಯ ಲಕೋಟೆಗೆ ಮೂಲಧನವಾಯಿತು.

ಹಬ್ಬದಲ್ಲಿ ಜಿಪುಣತನ ಮಾಡಬೇಕೆಂದು ನಾವು ಹೇಳುವುದಿಲ್ಲ. ಸಂತೋಷಕ್ಕಾಗಿ ಖರ್ಚು ಮಾಡುವುದು ಸಂಸಾರಿಗಳ ಧರ್ಮವೇ ಸರಿ. ಆದರೆ ಮೊದಲು ಕೂಡಿಸಿ, ಆಮೇಲೆ ಹೊರಡಬೇಕು. ಏನನ್ನು ಬಿಡುವುದೆಂಬುದನ್ನು ಮನೆಯಲ್ಲಿಯೇ ಎಲ್ಲರೂ ಕುಳಿತು ನಿಶ್ಚಯಿಸಬೇಕು, ಅಂಗಡಿಯ ಮುಂದೆ ನಿಂತು ಅಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಬಡವರಿಗೆ ಹೇಳಿದ ಬುದ್ಧಿವಾದವೆಂದು ನಾವು ತಿಳಿದಿದ್ದೆವು. ಹಾಗೆ ಮಲಗಿದವನಿಗೆ ನೆಮ್ಮದಿಯ ನಿದ್ದೆ ಬರುತ್ತದೆಂಬುದನ್ನು ಈ ದಸರೆಯ ರಾತ್ರಿಗಳಲ್ಲಿ ಕಂಡುಕೊಂಡೆವು.